ಗಾಳ ಮತ್ತು ಬಲೆ

ಕಾವೇರಿಯ ಬಿಳಿಮೀನಿನ ಚರಿತ್ರೆಯನ್ನು ಇದುವರೆಗೆ ಬರೆದವರು ಗಾಳದವರು. ಬಲೆಯವರು ಅದರಲ್ಲಿ ಬರುವುದು ಹೆಚ್ಚಾಗಿ ಕಳ್ಳರಾಗಿ. ಬಲೆಯ ಕಡೆಯಿಂದ ಓದಿದರೆ ಏನು ಕಾಣುತ್ತೆ ಅನ್ನೋದು ನನ್ನ ಪ್ರಶ್ನೆ.

ಬೇಟೆಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆಂದು ಮೈಸೂರು ಸಂಸ್ಥಾನ 1901ರಲ್ಲಿ ಕಾಯಿದೆ ತಂದಿತು. ಸಂರಕ್ಷಣೆ ಅಂದರೆ ಯಾರೂ ಕೊಲ್ಲಬಾರದು ಅಂತಲ್ಲ, ಲೈಸೆನ್ಸ್ ಇದ್ದವರು ಕೊಲ್ಲಬಹುದು ಅಂತ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದರು. ಅದು ದಾಖಲೆಯಾಯಿತು. ಹೊಳೆಯನ್ನೇ ನಂಬಿದ ಬೆಸ್ತರು ಹಿಡಿದದ್ದನ್ನು ತೂಗಿ ಬರೆದಿಟ್ಟವರು ಯಾರು?

1972ರ ವನ್ಯಜೀವಿ ಕಾಯಿದೆ ದೊರೆಗಳ ಷಿಕಾರಿಯನ್ನು ನಿಲ್ಲಿಸಿತು. ಅದು ಬೇಕಾಗಿತ್ತು. ಆದರೆ ನದಿಯಲ್ಲಿ ಹಳೆಯ ಭೇದ ಹಾಗೇ ಉಳಿಯಿತು. ಶಿವನಸಮುದ್ರದ ಕೆಳಗಿನ ಕಾವೇರಿ ದಂಡೆ 1987ರಲ್ಲಿ ಅಭಯಾರಣ್ಯವಾಯಿತು. ಊರಿನವರ ಬಲೆ ಅಪರಾಧವಾಯಿತು. ಭೀಮೇಶ್ವರಿ, ಗಾಳಿಬೋರೆಗಳ ಶಿಬಿರಗಳಲ್ಲಿ ಮಾತ್ರ ಬೆಂಗಳೂರಿನವರೂ ಪರದೇಶದವರೂ ಹಣ ಕಟ್ಟಿ ಗಾಳ ಹಾಕುತ್ತಿದ್ದರು. ಹಿಡಿದು ಫೋಟೋ ತೆಗೆಸಿ ಮತ್ತೆ ನೀರಿಗೆ ಬಿಟ್ಟರೆ ಅದು ಕ್ರೀಡೆ, ಹೊಟ್ಟೆಪಾಡಿಗೆ ಹಿಡಿದರೆ ಕಳ್ಳತನ. ಗಾಳವೂ ಬೇಟೆಯೇ ಎಂಬ ತಕರಾರು ಎದ್ದು ಶಿಬಿರಗಳಲ್ಲಿ ಅದು ನಿಂತದ್ದು 2010ರ ನಂತರದ ವರ್ಷಗಳಲ್ಲಿ.

ಊರಿನವರೆಲ್ಲ ಮುಗ್ಧರು ಅಂತ ನಾನು ವಾದಿಸುತ್ತಿಲ್ಲ. ಡೈನಮೈಟ್ ಹಾಕಿ ಹೊಳೆ ಕೆಡಿಸಿದವರಿದ್ದರು. ಅಂಥವರಲ್ಲಿ ಕೆಲವರನ್ನು ಶಿಬಿರದವರು ಕಾವಲಿಗೆ ಇಟ್ಟುಕೊಂಡಾಗ ಮೀನು ಉಳಿದದ್ದೂ ನಿಜ. ಆದರೆ ಅವರಿಗೆ ಸಿಕ್ಕಿದ್ದು ಕೂಲಿ, ಹಕ್ಕಲ್ಲ. ನದಿಯ ತೀರ್ಮಾನಗಳು ನಗರದಲ್ಲೇ ಆದವು. ತಳಿ ಹೆಚ್ಚಿಸುತ್ತೇವೆಂದು ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಬೇರೆ ತಳಿಯ ಮರಿಗಳನ್ನು ಕಾವೇರಿಗೆ ಬಿಟ್ಟರು. ಅವು ಹೆಚ್ಚಿದವು, ಕಾವೇರಿಯ ಸ್ವಂತ ಗೂನುಬೆನ್ನಿನ ಬಿಳಿಮೀನು ಕುಗ್ಗಿತು. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಈ ಅಪರಾಧಕ್ಕೆ ಯಾವ ಕೇಸು?

2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ಜನರಿಗೆ ಮೀನಿನ ಹಕ್ಕನ್ನೂ ಕೊಡುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಬದುಕಿದ್ದನ್ನು ರುಜುವಾತು ಮಾಡಬೇಕು. ದಲಿತ ಕೇರಿಯವರಿಗೂ ಬೆಸ್ತರಿಗೂ ತಾಮ್ರಪಟ ಎಲ್ಲಿಂದ ಬರಬೇಕು? ನ್ಯಾಯಾಲಯದ ದಾಖಲೆಯೂ ಸಾಕ್ಷ್ಯ ಅಂತ ಅದೇ ಕಾಯಿದೆಯ ನಿಯಮ ಹೇಳುತ್ತೆ. ಗೆಳೆಯರೇ, ನಮ್ಮ ಅಜ್ಜಂದಿರ ಮೇಲೆ ಹಾಕಿದ ಹಳೆಯ ಬಲೆ ಕೇಸುಗಳನ್ನು ಹುಡುಕೋಣ. ಕಳ್ಳರೆಂದು ಬರೆದ ಕಾಗದದಲ್ಲೇ ಅವರು ಅಲ್ಲಿದ್ದರು ಅನ್ನೋದಕ್ಕೆ ತಾರೀಖು ಸಮೇತ ಪುರಾವೆ ಇದೆ.