ಕಾಗೆ ಕಲಿಸಿದ ಅಕ್ಷರ

ಮಗನಿಗೆ ಇಂಗ್ಲಿಷ್ ಅಕ್ಷರ ಹೇಳಿಕೊಡಲು ಹೋಗಿ ನಾನು ಸೋತಿದ್ದೆ. ನಮ್ಮ ‘ಆ’ಗೆ ಹೆಸರೂ ಉಚ್ಚಾರವೂ ಒಂದೇ. ‘ಎಸ್’ ಅಂದರೆ ‘ಸ್’ ಎಂದು ಮಗುವಿಗೆ ಹೊಳೆಯುವುದಾದರೂ ಹೇಗೆ? ಸಿಟ್ಟಿನಲ್ಲಿ ಒಂದೇಟು ಕೊಟ್ಟೂಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ ಕೊಮೇನಿಯಸ್‌ನ ಬಗ್ಗೆ ಓದಿದೆ. ಹೆಂಡತಿಯನ್ನೂ ಎರಡು ಎಳೆಯ ಮಕ್ಕಳನ್ನೂ ಪ್ಲೇಗಿಗೆ ಕಳೆದುಕೊಂಡು, ಯುದ್ಧಕಾಲದಲ್ಲಿ ದೇಶ ಬಿಟ್ಟ ಮೊರಾವಿಯಾದ ಮೇಷ್ಟ್ರು ಆತ. 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಆತನ ಲ್ಯಾಟಿನ್-ಜರ್ಮನ್ ಚಿತ್ರಪುಸ್ತಕದ ಆರಂಭದಲ್ಲೇ ಜೀವಂತ ಅಕ್ಷರಮಾಲೆಯಿದೆ. ಕಾಗೆ ‘ಆ ಆ’ ಎನ್ನುತ್ತದೆ, ಕುರಿಮರಿ ‘ಬೇ’, ನಾಯಿ ‘ರ್‍ರ್’, ಹಾವು ‘ಸ್ಸ್’.

ಮೊನ್ನೆ ಮೊಮ್ಮಗಳ ಮುಂದೆ ಹಾವಿನಂತೆ ‘ಸ್ಸ್’ ಎಂದೆ. ನಕ್ಕು, ‘ಎಸ್’ ಮೇಲೆ ಬೆರಳಿಟ್ಟಳು. ಬಾಗಿಲಲ್ಲಿ ನಿಂತಿದ್ದ ಮಗ, “ನನಗೂ ಹೀಗೇ ಹೇಳಿಕೊಡಬಾರದಿತ್ತೇನಮ್ಮಾ?” ಎಂದ.

“ಆಗ ಗೊತ್ತಿರಲಿಲ್ಲ ಕಣೋ” ಎಂದೆ.