ಗಾಳಿ, ನೀರು, ಕರೆಂಟು: ಬಬ್ಬೂರಿನಲ್ಲೇ ಪೆರಾಕ್ಸೈಡ್ ತಯಾರಿಸಬಹುದಾ?

ಹಿರಿಯೂರು ಪಕ್ಕದ ಬಬ್ಬೂರು ಅಂದ್ರೆ ಕೃಷಿ ಸಂಶೋಧನಾ ಕೇಂದ್ರವಿರುವ ಬಬ್ಬೂರು ಫಾರಂ ನೆನಪಾಗುತ್ತೆ. ಬೋರ್‌ವೆಲ್ ನಂಬಿದ ಸೀಮೆ ಇದು. ಡ್ರಿಪ್ ಪೈಪಿನ ಪಾಚಿ ತೊಳೆಯಲು, ನೀರಿನ ಟ್ಯಾಂಕ್ ಶುಚಿ ಮಾಡಲು ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದು. ಕೆಲಸ ಮುಗಿದ ಮೇಲೆ ಅದು ನೀರು, ಆಮ್ಲಜನಕವಾಗಿ ಒಡೆದುಹೋಗುತ್ತೆ. ಆದರೆ ಅದು ಬರೋದು ದೂರದ ಕಾರ್ಖಾನೆಯಿಂದ, ಕ್ಯಾನ್‌ಗಳಲ್ಲಿ. ಊರಲ್ಲೇ ಮಾಡಿಕೊಂಡರೆ?

ಈಗಿನ ವಿಧಾನ

ಜಗತ್ತಿನ ಬಹುಪಾಲು ಪೆರಾಕ್ಸೈಡ್ ತಯಾರಾಗುವುದು 1930ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಆಂಥ್ರಾಕ್ವಿನೋನ್ ವಿಧಾನದಲ್ಲಿ. ಹೈಡ್ರೋಜನ್ ಅನಿಲ, ದ್ರಾವಕ, ಪಲ್ಲಾಡಿಯಂ ಎಲ್ಲಾ ಬೇಕು. ದೊಡ್ಡ ಘಟಕವಾದರೆ ಮಾತ್ರ ಗಿಟ್ಟುತ್ತೆ. ಗಾಢ ದ್ರಾವಣದ ಸಾಗಣೆಯೂ ಅಪಾಯದ್ದೇ.

ಎಲೆಕ್ಟ್ರೋಡ್ ದಾರಿ

ಆಮ್ಲಜನಕದ ಒಂದು ಅಣು 4 ಎಲೆಕ್ಟ್ರಾನ್ ಪಡೆದರೆ ನೀರಾಗುತ್ತೆ. 2ಕ್ಕೇ ನಿಂತರೆ ಪೆರಾಕ್ಸೈಡ್. ದುಬಾರಿ ಪ್ಲಾಟಿನಂ 4ರ ದಾರಿ ಹಿಡಿಯುತ್ತೆ, ಅಗ್ಗದ ಕಾರ್ಬನ್ ಹೆಚ್ಚಾಗಿ 2ರಲ್ಲೇ ನಿಲ್ಲುತ್ತೆ. ಇಲ್ಲಿ ಅಗ್ಗದ್ದೇ ಸರಿಯಾದ ವಸ್ತು.

ತೊಡಕು ಒಂದಿದೆ. ಒಂದು ಲೀಟರ್ ನೀರಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಅಷ್ಟೇ. ಅದನ್ನೇ ನಂಬಿದರೆ ಎಲೆಕ್ಟ್ರೋಡ್ ಚಾಪೆಯಷ್ಟು ದೊಡ್ಡದಾಗಬೇಕು. ಅದಕ್ಕೇ ಸಣ್ಣ ರಂಧ್ರಗಳ ಕಾರ್ಬನ್ ಹಾಳೆಗೆ ಟೆಫ್ಲಾನ್ ಬೆರೆಸಿ, ಒಂದು ಮುಖಕ್ಕೆ ಗಾಳಿ, ಇನ್ನೊಂದಕ್ಕೆ ನೀರು ತಾಗುವಂತೆ ಮಾಡ್ತಾರೆ. ಆಮ್ಲಜನಕ ನೇರ ಗಾಳಿಯಿಂದಲೇ ಸಿಗೋದರಿಂದ ಉಪಕರಣ ಪುಟ್ಟದಾಗುತ್ತೆ.

ಕರೆಂಟಿನ ಲೆಕ್ಕ

1 ಕೆಜಿ ಪೆರಾಕ್ಸೈಡ್‌ಗೆ ಕನಿಷ್ಠ 1,576 ಆಂಪಿಯರ್-ಗಂಟೆ ಬೇಕು. ಸೆಲ್ 2 ವೋಲ್ಟ್‌ನಲ್ಲಿ ನಡೆದರೆ ಸುಮಾರು 3.2 ಯೂನಿಟ್. ಪಂಪು, ನಷ್ಟ ಸೇರಿದರೆ ಇನ್ನೂ ಹೆಚ್ಚು. ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವ ಚಿತ್ರದುರ್ಗಕ್ಕೆ ಇದು ಎಟುಕದ ಲೆಕ್ಕವಲ್ಲ.

ಎಲ್ಲಿ ಕೆಡುತ್ತೆ?

ಗಡಸು ನೀರಲ್ಲಿ. ಕರೆಂಟ್ ಹರಿದಾಗ ಕ್ಯಾಥೋಡ್ ಪಕ್ಕದ ನೀರು ಕ್ಷಾರವಾಗಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಪದರವಾಗಿ ಕೂರುತ್ತೆ, ಬೋರ್‌ನೀರು ಕಾಯಿಸುವ ಪಾತ್ರೆಯ ತಳದ ಹಾಗೆ. ಕಾಲಕ್ರಮೇಣ ರಂಧ್ರಗಳಿಗೆ ನೀರು ನುಗ್ಗಿ ಗಾಳಿಯ ದಾರಿಯೂ ಮುಚ್ಚಬಹುದು. ಲ್ಯಾಬಿನ ಶುದ್ಧ ದ್ರಾವಣದಲ್ಲಿ ಬಂದ ಅಂಕಿ ನಮ್ಮ ಬೋರ್‌ವೆಲ್‌ಗೆ ಸಾಕ್ಷಿಯಲ್ಲ.

ಇನ್ನೊಂದು ಮುಖ್ಯ ಮಾತು: ಪೆರಾಕ್ಸೈಡ್ ರೋಗಾಣು ಕೊಲ್ಲುತ್ತೆ, ಫ್ಲೋರೈಡ್ ತೆಗೆಯಲ್ಲ. ಫ್ಲೋರೈಡ್ ಕಾಟವಿರುವ ಈ ಜಿಲ್ಲೆಯಲ್ಲಿ ಅದನ್ನು ‘ಸರ್ವರೋಗ ನಿವಾರಕ’ ಅಂತ ಮಾರೋಕೆ ಬಂದರೆ ನಂಬಬೇಡಿ.

ಕೆಟ್ಟು ನಿಂತ ಶುದ್ಧ ನೀರಿನ ಘಟಕಗಳನ್ನು ನೋಡಿದವರು ನಾವು. ಇಂಥ ಯಂತ್ರ ನಾಳೆ ಪಂಚಾಯ್ತಿಗೆ ಬಂದರೆ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ನಮ್ಮ ನೀರಲ್ಲಿ ಎಷ್ಟು ತಿಂಗಳು ಪರೀಕ್ಷಿಸಿದ್ದೀರಿ? ಎಲೆಕ್ಟ್ರೋಡ್ ಬದಲಿಸೋರು ಯಾರು? ಖರ್ಚು ಯಾರದ್ದು?