ಟಿಪ್ಪುವಿನ ಡೇರೆ

ಮೈಸೂರಿನ ಟಿಪ್ಪು ಸುಲ್ತಾನನದೆಂದು ಹೆಸರಾದ, ಹತ್ತಿಯ ಚೀಟಿ ಬಟ್ಟೆಯ ಡೇರೆ. ಈಗ ಬ್ರಿಟನ್ನಿನ ವೇಲ್ಸ್ ಪ್ರಾಂತದ ಪೋವಿಸ್ ಕೋಟೆಯ ಸಂಗ್ರಹದಲ್ಲಿದೆ. ಬಟ್ಟೆಯ ಕಾಲ ಸುಮಾರು 1725-50. ಅಂದರೆ ಟಿಪ್ಪು ಹುಟ್ಟುವ ಮೊದಲೇ ತಯಾರಾದದ್ದು.

ಬಿಳಿ ನೆಲದ ಮೇಲೆ ಹೂದಾನಿ, ಅದರಿಂದ ಎರಡೂ ಕಡೆಗೆ ಸಮನಾಗಿ ಬಾಗಿದ ಹೂಬಳ್ಳಿ: ಪಟ್ಟಿ ಪಟ್ಟಿಯಲ್ಲೂ ಇದೇ ವಿನ್ಯಾಸ. ಚೀಟಿ ಕೆಲಸದಲ್ಲಿ ಬಣ್ಣವನ್ನು ನೇರವಾಗಿ ಬಳಿಯುವುದಿಲ್ಲ. ಮೊದಲು ಪಟಿಕದ ನೀರಿನಲ್ಲಿ ಚಿತ್ರ ಬರೆದು ಬಟ್ಟೆಯನ್ನು ಬಣ್ಣದ ಬೇರಿನ ರಸದಲ್ಲಿ ಕುದಿಸಿದರೆ ಬರೆದಲ್ಲಿ ಮಾತ್ರ ಕೆಂಪು ನಿಲ್ಲುತ್ತದೆ. ಕಬ್ಬಿಣದ ದ್ರಾವಣವಾದರೆ ಕಪ್ಪು. ನೀಲಿ ಬೇಕಿಲ್ಲದ ಕಡೆ ಮೇಣ ಹಚ್ಚಿ ನೀಲಿಯ ತೊಟ್ಟಿಗೆ ಅದ್ದುತ್ತಾರೆ. ಪಾಳೆಯದ ಬಿಸಿಲಿಗೂ ಮಳೆಗೂ ಇಂಥ ಬಣ್ಣ ಜಗ್ಗುವುದಿಲ್ಲ.

1799ರ ಮೇ 4ರಂದು ಬ್ರಿಟಿಷರ ದಾಳಿಗೆ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಕೋಟೆ ಲೂಟಿಯಾಯಿತು. ಆಗ ಮದ್ರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್. ಡೇರೆ ಅವನ ಮನೆತನದ ಪಾಲಾಯಿತು. ಅವನ ಹೆಂಡತಿ ಹೆನ್ರಿಯೆಟ್ಟಾ 1800ರಲ್ಲಿ ಹೆಣ್ಣುಮಕ್ಕಳೊಡನೆ ಮೈಸೂರು ಸೀಮೆಯನ್ನು ಸುತ್ತಿದಳು. ದಂಡಿನ ಡೇರೆ ಮುಂದೆ ಈ ಮನೆತನದವರ ಪೋವಿಸ್ ಕೋಟೆಯ ತೋಟದ ಔತಣಗಳಿಗೆ ಚಪ್ಪರವಾಯಿತು, ಇದಕ್ಕಿಂತ ವ್ಯಂಗ್ಯ ಬೇಕೆ! 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಭಾರತೀಯ ಬಟ್ಟೆಗಳ ಪ್ರದರ್ಶನದಲ್ಲಿ ಇದನ್ನು ಕಟ್ಟಿ ನಿಲ್ಲಿಸಿತ್ತು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಗಳಲ್ಲಿ ಮೈಸೂರು ಗೆದ್ದ 1780ರ ಪೊಲ್ಲಿಲೂರು ಕಾಳಗ ಆನೆ ಕುದುರೆ ಸಮೇತ ಚಿತ್ರಿತವಾಗಿದೆ. ಡೇರೆಯಲ್ಲಿ ಕಾಳಗದ ಗುರುತಿಲ್ಲ, ಹೂಗಳಷ್ಟೇ. ಆದರೂ ಮೈಸೂರಿನ ಸೋಲಿಗೆ ಗೋಡೆಯ ಚಿತ್ರಕ್ಕಿಂತ ಈ ಬಟ್ಟೆಯೇ ದೊಡ್ಡ ಸಾಕ್ಷಿ.